ಕುಷ್ಠರೋಗಿ, ದೊಡ್ಡ ರೋಗ, ಕುಷ್ಠ ಬಂದವರು: ಯಾವುದನ್ನು ಬರೆಯಲಿ?

ಎಲ್ಲರಿಗೂ ನಮಸ್ಕಾರ. ಒಂದೇ ಒಂದು ಪದಕ್ಕೆ ಸಿಕ್ಕಿಕೊಂಡು ನಾಲ್ಕು ದಿನದಿಂದ ಬರಹ ನಿಂತಲ್ಲೇ ನಿಂತಿದೆ. ದಯವಿಟ್ಟು ಓದಿ ಹೇಳಿ.

ಎರಡನೇ ಮಹಾಯುದ್ಧದಲ್ಲಿ ಬೇಹುಗಾರಿಕೆ ಮಾಡಿದ ಫಿಲಿಪ್ಪೀನ್ಸ್‌ನ ಜೋಸೆಫೀನಾ ಗೆರೆರೋ ಅವರ ಬಗ್ಗೆ ಹೈಸ್ಕೂಲು ಮಕ್ಕಳಿಗಾಗಿ ಬರೆಯುತ್ತಿದ್ದೇನೆ. ಜೋಯಿ ಅಂತ ಕರೆಯುತ್ತಿದ್ದರು. ಹುಟ್ಟಿದ್ದು 1917ರಲ್ಲಿ. ಗಂಡ ಡಾಕ್ಟರು, ಒಬ್ಬಳು ಪುಟ್ಟ ಮಗಳು. 1941ರಲ್ಲಿ ಅವರಿಗೆ ಕುಷ್ಠ ಇದೆ ಅಂತ ಗೊತ್ತಾಯಿತು, ಮಗಳಿಂದ ದೂರ ಇರಬೇಕಾಯಿತು. ಮರುವರ್ಷ ಜನವರಿಯಲ್ಲಿ ಜಪಾನೀಯರು ಅಲ್ಲಿನ ರಾಜಧಾನಿ ಮನಿಲಾ ಹಿಡಿದರು. ಜೋಯಿ ಗುಟ್ಟಾಗಿ ಹೋರಾಡುತ್ತಿದ್ದವರ ಜೊತೆ ಸೇರಿಕೊಂಡರು. ಕಡಲ ದಂಡೆಯಲ್ಲಿ ಫಿರಂಗಿಗಳು ಎಲ್ಲೆಲ್ಲಿವೆ ಅಂತ ನೋಡಿ ತಿಳಿಸಿದರು. 1945ರ ಶುರುವಿನಲ್ಲಿ, ನೆಲಬಾಂಬು ಹುಗಿದ ಜಾಗಗಳ ನಕ್ಷೆಯನ್ನು ಬೆನ್ನಿಗೆ ಅಂಟಿಸಿಕೊಂಡು, ಮೈಯಲ್ಲಿ ತ್ರಾಣ ಇಲ್ಲದಿದ್ದರೂ, ಮನಿಲಾದ ಉತ್ತರಕ್ಕೆ ನಡೆದು ಹೋಗಿ ಅಮೆರಿಕದ ಸೈನ್ಯಕ್ಕೆ ತಲುಪಿಸಿದರು. ದಾರಿಯಲ್ಲಿ ತಡೆದ ಜಪಾನಿ ಸಿಪಾಯಿಗಳು ಮೈಮೇಲಿನ ಹುಣ್ಣು ನೋಡಿ ಹಿಂದೆ ಸರಿದರು. ಯಾರೂ ಮುಟ್ಟಿ ತಪಾಸಣೆ ಮಾಡಲಿಲ್ಲ.

ಇಲ್ಲೇ ನನ್ನ ತೊಡಕು ಇರುವುದು. ನಾನು ಮೊದಲು ಎಲ್ಲ ಕಡೆ 'ಕುಷ್ಠರೋಗಿ' ಅಂತ ಬರೆದಿದ್ದೆ. ಆಮೇಲೆ ಓದಿದಾಗ ಮನಸ್ಸಿಗೆ ಚುಚ್ಚಿತು. 1948ರಲ್ಲಿ ಹವಾನಾದಲ್ಲಿ ನಡೆದ ಅಂತರರಾಷ್ಟ್ರೀಯ ಕುಷ್ಠ ಸಮ್ಮೇಳನ 'ಲೆಪರ್' ಅನ್ನುವ ಇಂಗ್ಲಿಷ್ ಪದವನ್ನು ಬಿಡಿ, 'ಲೆಪ್ರಸಿ ಪೇಷಂಟ್' ಅನ್ನಿ ಅಂತ ಹೇಳಿತು. ಅದೇ ವರ್ಷ ಜೋಯಿ ಚಿಕಿತ್ಸೆಗೆ ಅಮೆರಿಕದ ಲೂಸಿಯಾನಾದ ಕಾರ್ವಿಲ್ ಆಸ್ಪತ್ರೆಗೆ ಬಂದರು. ಅಲ್ಲಿನ ರೋಗಿಗಳೇ ಸ್ಟ್ಯಾನ್ಲಿ ಸ್ಟೈನ್ ಅವರ ಮುಂದಾಳತ್ವದಲ್ಲಿ 'ದಿ ಸ್ಟಾರ್' ಅನ್ನುವ ಪತ್ರಿಕೆ ನಡೆಸುತ್ತಾ, ಆ ಪದ ಬೇಡ, 'ಹ್ಯಾನ್ಸನ್ ಕಾಯಿಲೆ' ಅನ್ನಿ ಅಂತ ಹೋರಾಡುತ್ತಿದ್ದರು. ಇದನ್ನು ಕನ್ನಡಕ್ಕೆ ತಂದು ನೋಡಿ. 'ಲೆಪರ್' ಅಂದರೂ ಕುಷ್ಠರೋಗಿ, 'ಲೆಪ್ರಸಿ ಪೇಷಂಟ್' ಅಂದರೂ ಕುಷ್ಠರೋಗಿ! ಆ ಸಮ್ಮೇಳನ ಹೇಳಿದ ಪದ ನಮ್ಮಲ್ಲಿ ಮೊದಲಿನಿಂದಲೂ ಇದೆ, ಆದರೂ ಅದರ ಕಳಂಕ ಹೋಗಿಲ್ಲ. ಬರೀ ಪದ ಬದಲಿಸಿದರೆ ಆಗುವುದಿಲ್ಲ ಅಂತ ನನಗೆ ಅನ್ನಿಸಿದ್ದು ಆಗಲೇ.

ಸರಿ, 'ಹ್ಯಾನ್ಸನ್ ಕಾಯಿಲೆ' ಅಂತಲೇ ಬರೆಯೋಣ ಅಂದರೆ ಸಿಪಾಯಿ ಹಿಂದೆ ಸರಿಯುವ ಜಾಗ ಸತ್ತೇ ಹೋಗುತ್ತದೆ. ಆ ಹೆಸರು ಕೇಳಿ ಯಾವ ಸಿಪಾಯಿ ಹೆದರುತ್ತಾನೆ? ಅವರನ್ನು ಆ ಹೊತ್ತು ಕಾಪಾಡಿದ್ದು ಜನರ ಹೆದರಿಕೆ. ಯುದ್ಧ ಮುಗಿದ ಮೇಲೆ ಅವರನ್ನು ಮನಿಲಾದ ಹೊರಗಿನ ತಾಲಾ ಕುಷ್ಠಧಾಮಕ್ಕೆ ತಳ್ಳಿದ್ದೂ ಅದೇ ಹೆದರಿಕೆ. ಅದನ್ನು ನಯ ಮಾಡಿ ಬರೆದರೆ ಮಕ್ಕಳಿಗೆ ಕಥೆಯೇ ಅರ್ಥ ಆಗುವುದಿಲ್ಲ, ಅಲ್ವಾ?

ನಮ್ಮಜ್ಜಿ ಈ ಕಾಯಿಲೆಯ ಹೆಸರನ್ನು ಬಾಯಲ್ಲಿ ಹೇಳುತ್ತಿರಲಿಲ್ಲ. ಅಕ್ಕಿ ಆರಿಸುತ್ತಾ ಕೂತವರು ಮೊರ ಕೆಳಗಿಟ್ಟು, ಬಾಗಿಲ ಕಡೆ ಒಂದು ಸಲ ನೋಡಿ, ದನಿ ತಗ್ಗಿಸಿ 'ದೊಡ್ಡ ರೋಗ' ಅನ್ನುತ್ತಿದ್ದರು. ಮರಾಠಿ ಜಾಸ್ತಿ ಇರುವ ಕಡೆಯ ಗೆಳತಿಯೊಬ್ಬರು 'ಮಹಾರೋಗ' ಅಂತಾರೆ. ಸಿಪಾಯಿಯ ಕಣ್ಣಿನಿಂದ ನೋಡುವ ಆ ಎರಡು ಸಾಲಿನಲ್ಲಿ ಮಾತ್ರ ಇವುಗಳಲ್ಲಿ ಒಂದನ್ನು ಇಡೋಣ ಅಂತಿದ್ದೇನೆ. 'ತೊನ್ನು' ಮಾತ್ರ ಖಂಡಿತ ಬೇಡ. ಅದು ಬರೀ ಚರ್ಮದ ಬಣ್ಣ ಹೋಗುವುದು, ಅಂಟುವುದಿಲ್ಲ, ಕುಷ್ಠವೂ ಅಲ್ಲ. ನಮ್ಮ ನೆಂಟರಲ್ಲೇ ಒಬ್ಬ ಹುಡುಗಿಯ ಮದುವೆ ಈ ಎರಡನ್ನೂ ಒಂದೇ ಅಂದುಕೊಂಡವರ ದೆಸೆಯಿಂದ ಮುರಿದುಬಿತ್ತು. ಆ ಸಂಕಟವನ್ನು ಹತ್ತಿರದಿಂದ ನೋಡಿದ್ದೇನೆ.

ಉಳಿದ ಕಡೆಯೆಲ್ಲ ಏನು ಮಾಡುವುದು? ಅವರ ಊರಿನ ತಗಲಾಗ್ ಭಾಷೆಯಲ್ಲೂ ಕುಷ್ಠಕ್ಕೆ 'ಕೇತೊಂಗ್', ಅದು ಬಂದವರಿಗೆ 'ಕೇತೊಂಗಿನ್'. ಕಾಯಿಲೆಯೇ ಮನುಷ್ಯರ ಹೆಸರಾಗಿಬಿಡುತ್ತದೆ. ನಮ್ಮ 'ಕುಷ್ಠರೋಗಿ' ಪದದ ಕಷ್ಟವೂ ಇದೇ. ಆದರೆ ನಾವು ಮಾತಾಡುವಾಗ 'ಅವರಿಗೆ ಶುಗರ್ ಇದೆ', 'ಅವನಿಗೆ ಜ್ವರ ಬಂದಿದೆ' ಅಂತೀವಿ. ಆ ಪುಟ್ಟ 'ಗೆ' ಇದೆಯಲ್ಲ, ಅದು ಮನುಷ್ಯರನ್ನು ಬೇರೆ, ಕಾಯಿಲೆಯನ್ನು ಬೇರೆ ಇಡುತ್ತದೆ. ಬಂದದ್ದು ಹೋಗಲೂಬಹುದು. ಜೋಯಿಗೆ ಅದು ಹೋಯಿತು ಕೂಡ, 1957ರಲ್ಲಿ ವಾಸಿಯಾಗಿ ಕಾರ್ವಿಲ್‌ನಿಂದ ಹೊರಬಂದರು. ಆಮೇಲಿನ ಸುಮಾರು ನಲವತ್ತು ವರ್ಷಕ್ಕೂ 'ಕುಷ್ಠರೋಗಿ ಜೋಯಿ' ಅಂತ ಬರೆದರೆ ಸುಳ್ಳು ಬರೆದ ಹಾಗಲ್ವಾ? ಅದಕ್ಕೇ 'ಜೋಯಿಗೆ ಕುಷ್ಠ ಇತ್ತು, ವಾಸಿಯಾಯಿತು' ಅಂತ ತಿದ್ದಿದ್ದೇನೆ. ಆದರೆ ತಲೆಬರಹಕ್ಕೆ ಇದು ಒಗ್ಗುತ್ತಿಲ್ಲ. 'ಕುಷ್ಠಪೀಡಿತೆ' ಸರ್ಕಾರಿ ಸುತ್ತೋಲೆಯ ಹಾಗೆ ಕೇಳಿಸುತ್ತದೆ. 'ಕುಷ್ಠ ಬಂದ ಬೇಹುಗಾರ್ತಿ' ನಿಮ್ಮ ಕಿವಿಗೆ ಹೇಗಿದೆ?

ಹಾಗೇ ಇನ್ನೊಂದು. 'ಗೂಢಚಾರಿಣಿ' ಬೇಡ ಅಂತ ಬಿಟ್ಟೆ. ಆ ಪದ ಕೇಳಿದರೆ ಯಾರನ್ನೋ ಮೋಹಕ್ಕೆ ಕೆಡವಿ ಗುಟ್ಟು ಕದಿಯುವ ಸಿನಿಮಾ ಹೆಂಗಸು ಕಣ್ಮುಂದೆ ಬರುತ್ತಾಳೆ. 'ಬೇಹುಗಾರ್ತಿ' ಹಾಡುಗಾರ್ತಿ, ಬರಹಗಾರ್ತಿ ಇದ್ದ ಹಾಗೆ ಕೆಲಸದ ಹೆಸರು, ಅಷ್ಟೇ ಸಾಕು. 'ಜಪಾನ್ ಆಕ್ರಮಿತ ಮನಿಲಾ' ಅನ್ನುವ ಬದಲು 'ಜಪಾನೀಯರ ಕೈಯಲ್ಲಿದ್ದ ಮನಿಲಾ' ಅಂತ ಮಾಡಿದೆ. ಮಕ್ಕಳಿಗೆ ಬೇಗ ಹತ್ತುತ್ತದೆ.

ನಿಮ್ಮ ಮನೆಯ ಹಿರಿಯರು ಈ ಕಾಯಿಲೆಗೆ ಏನಂತಿದ್ದರು, ಯಾವ ತಾಲ್ಲೂಕಿನ ಮಾತು ಅಂತ ಒಂದು ಸಾಲು ಬರೆಯಿರಿ. ಹೆಸರು ಹೇಳದೆ ಸುಮ್ನೆ ಕೈಸನ್ನೆ ಮಾಡುತ್ತಿದ್ದರು ಅಂದರೆ ಅದನ್ನೂ ತಿಳಿಸಿ.