ಮನೆಗೊಂದು ಮಸಾಜ್ ಗನ್: ನಮ್ಮ ಕುಟುಂಬದ ಮೆಸೇಜ್ ಗುಂಪಿನಲ್ಲಿ ನಡೆದ ವಾದ

ಚಿಕ್ಕಪ್ಪ: ಎಲ್ಲರೂ ನಾನು ಕಳುಹಿಸಿದ ಚಿತ್ರ ನೋಡಿ. ಕೈಯಲ್ಲಿ ಹಿಡಿದು ಸ್ನಾಯುಗಳನ್ನು ಗುದ್ದಿಸಿಕೊಳ್ಳುವ ಮಸಾಜ್ ಗನ್. 30 ವೇಗ, ಗುದ್ದುವ ತುದಿಗೆ ಬದಲಿಸಿ ಸಿಕ್ಕಿಸುವ 10 ಹೆಡ್, ಅಂಗೈಯಲ್ಲಿ ಕೂರುವಷ್ಟು ಚಿಕ್ಕದು. ಎಲ್ಲರೂ ಸೇರಿ ಮನೆಗೊಂದು ತರಿಸೋಣ. ರಾತ್ರಿಯೊಳಗೆ ಹೇಳಿ, ನಾನೇ ತರಿಸುತ್ತೇನೆ.

ಅಣ್ಣ: ನಾನು ಒಪ್ಪಿದೆ. ಭಾನುವಾರ 20 ಕಿ.ಮೀ. ಓಡಿದರೆ ಎರಡು ದಿನ ಮೆಟ್ಟಿಲು ಇಳಿಯಲು ಆಗುವುದಿಲ್ಲ.

ಅತ್ತಿಗೆ: ನನಗೂ ಬೇಕು. ಸಂಜೆಯ ಹೊತ್ತಿಗೆ ಹೆಗಲು ಕಲ್ಲಾಗಿರುತ್ತದೆ.

ನಾನು: ಚಿಕ್ಕಪ್ಪ, ಸ್ವಲ್ಪ ತಡೆಯಿರಿ. ನೀವು ಕಳುಹಿಸಿದ್ದನ್ನು ಎರಡು ಸಲ ಓದಿದೆ. ವೇಗ ಎಷ್ಟು, ಹೆಡ್ ಎಷ್ಟು, ಬಣ್ಣ ಎಷ್ಟು ಎಲ್ಲವೂ ಇದೆ. ಹೆಡ್ ಎಷ್ಟು ಮಿ.ಮೀ. ಮುಂದೆ ಬಂದು ಹಿಂದೆ ಹೋಗುತ್ತದೆ, ಎಷ್ಟು ಒತ್ತಿದರೆ ಮೋಟರ್ ನಿಂತುಹೋಗುತ್ತದೆ ಎಂಬುದು ಎಲ್ಲಿಯೂ ಇಲ್ಲ. ನಾವು ನೋಡಬೇಕಾದದ್ದೇ ಅವೆರಡನ್ನು.

ಚಿಕ್ಕಪ್ಪ: ಎಲ್ಲ ಗನ್ನೂ ಒಂದೇ ತಾನೇ? ಗುದ್ದುತ್ತದೆ, ನೋವು ಹೋಗುತ್ತದೆ. ನನ್ನ ಗೆಳೆಯನ ಬಳಿ ಇದೇ ಇದೆ, ಅವನು ಹೊಗಳುತ್ತಿದ್ದಾನೆ. ಯಾವ ಮಾತು ತೆಗೆದರೂ ನೀನು ಅಡ್ಡಗಾಲು ಹಾಕುತ್ತೀಯೆ.

ನಾನು: ಅಡ್ಡಗಾಲು ಅಲ್ಲ ಚಿಕ್ಕಪ್ಪ. ನಾನು ಆಡುವ ಕ್ಲಬ್ಬಿನಲ್ಲಿ ಎರಡು ಗನ್‌ಗಳಿವೆ. ಒಂದು ನೀವು ತೋರಿಸಿದಂಥ ಚಿಕ್ಕದು, ಇನ್ನೊಂದು ದೊಡ್ಡದು. ಚಿಕ್ಕದನ್ನು ತೊಡೆಯ ಮೇಲೆ ಸುಮ್ಮನೆ ಇಟ್ಟರೆ ಗುಂಯ್ ಎನ್ನುತ್ತದೆ. ಸ್ವಲ್ಪ ಒತ್ತಿದ ಕೂಡಲೇ ಆ ಸದ್ದು ಗೊರಗೊರ ಎಂದು ಇಳಿಯುತ್ತದೆ. ಇನ್ನೂ ಒತ್ತಿದರೆ ದೀಪ ಉರಿಯುತ್ತಲೇ ಇರುತ್ತದೆ, ಹೆಡ್ ಮಾತ್ರ ಅಲುಗಾಡದೆ ನಿಂತಿರುತ್ತದೆ. ಚರ್ಮಕ್ಕೆ ಕಚಗುಳಿಯಾಗುತ್ತದೆಯೇ ಹೊರತು ಸ್ನಾಯುವಿಗೆ ಏನೂ ತಾಗುವುದಿಲ್ಲ. ದೊಡ್ಡದನ್ನು ಅಷ್ಟೇ ಒತ್ತಿದರೂ ಸದ್ದು ಬದಲಾಗುವುದಿಲ್ಲ. ತೊಡೆಯ ಮಾಂಸ ಅಲೆಯಲೆಯಾಗಿ ನಡುಗುವುದು ಕಣ್ಣಿಗೇ ಕಾಣುತ್ತದೆ. ಅಂಗೈಯಷ್ಟಿರುವ ಗನ್‌ಗಳಲ್ಲಿ ಹೆಡ್ ಸಾಮಾನ್ಯವಾಗಿ 6ರಿಂದ 8 ಮಿ.ಮೀ. ಚಲಿಸುತ್ತದೆ, ದೊಡ್ಡವುಗಳಲ್ಲಿ 10ರಿಂದ 12. ನಿಮಿಷಕ್ಕೆ 3200 ಗುದ್ದು ಎಂದು ಬರೆದಿದ್ದರೂ ಆ 6 ಮಿ.ಮೀ. ಬರೀ ಕಂಪನ. 30 ವೇಗಗಳಿದ್ದರೂ ನಾವು ಬಳಸುವುದು ಮೂರನ್ನು, 10 ಹೆಡ್‌ಗಳಲ್ಲಿ ಎರಡನ್ನು: ಚೆಂಡಿನಂಥದ್ದು, ಚಪ್ಪಟೆಯದ್ದು.

ಅಣ್ಣ: ಹಾಗಾದರೆ 16 ಮಿ.ಮೀ. ಇರುವುದನ್ನೇ ತರಿಸೋಣ. ಥೆರಾಗನ್ ಎಂಬ ಬ್ರ್ಯಾಂಡ್‌ನ ದೊಡ್ಡ ಮಾದರಿಗಳಲ್ಲಿ ಅಷ್ಟಿದೆ. ಓಡುವಾಗ ಸ್ನಾಯುವಿನಲ್ಲಿ ಹುಟ್ಟಿ ಕಾಲಿನಲ್ಲಿ ಕೂತಿರುವ ಲ್ಯಾಕ್ಟಿಕ್ ಆಮ್ಲವನ್ನೆಲ್ಲ ಗುದ್ದಿ ಹೊರಹಾಕುತ್ತದೆ.

ನಾನು: ಅಣ್ಣ, ಆ ಆಮ್ಲದ ಮಾತನ್ನು ಇಲ್ಲಿಗೇ ಬಿಡು. ಓಟ ಮುಗಿದ ಒಂದೆರಡು ಗಂಟೆಗಳಲ್ಲಿ ಅದು ತಾನಾಗಿಯೇ ಇಳಿದಿರುತ್ತದೆ. ನಿನಗೆ ನೋವು ಶುರುವಾಗುವುದು ಮರುದಿನ, ಏರುವುದು ಎರಡನೆಯ ದಿನ. ಅದು ಸ್ನಾಯುವಿನ ಎಳೆಗಳಲ್ಲಿ ಆದ ಸಣ್ಣ ಸಣ್ಣ ಗಾಯಗಳ ನೋವು. ಇಳಿಜಾರಿನಲ್ಲಿ ಓಡಿದ ವಾರ ಹೆಚ್ಚಿರುವುದು ಅದಕ್ಕೇ. ಯಾವ ಗನ್ನೂ ಆ ಗಾಯವನ್ನು ಹೊಲಿಯುವುದಿಲ್ಲ. ಬಿಗಿತ ಸ್ವಲ್ಪ ಹೊತ್ತು ಸಡಿಲವಾಗುತ್ತದೆ, ನೋವು ಸ್ವಲ್ಪ ಹೊತ್ತು ಮರೆಯಾಗುತ್ತದೆ. 2020ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 16 ಗಂಡಸರ ಮೀನಖಂಡಕ್ಕೆ 5 ನಿಮಿಷ ಗನ್ ಹಿಡಿದು ನೋಡಿದರು. ಪಾದ ಮೇಲಕ್ಕೆ ಬಾಗುವ ಕೋನ ಸುಮಾರು 5.4 ಡಿಗ್ರಿ ಹೆಚ್ಚಿತು, ಕಾಲಿನ ಬಲದಲ್ಲಿ ವ್ಯತ್ಯಾಸವಾಗಲಿಲ್ಲ. ಆಟಕ್ಕೆ ಮುಂಚೆ ನನಗೆ ಅಷ್ಟು ಸಿಕ್ಕಿದರೆ ಸಂತೋಷ. ಅದಕ್ಕಿಂತ ಹೆಚ್ಚಿನದನ್ನು ಅದರಿಂದ ಕೇಳಬಾರದು.

ಅಣ್ಣ: ಐದು ನಿಮಿಷಕ್ಕೆ ಅಷ್ಟಾದರೆ ನಾನು ಕಾಲು ಗಂಟೆ ಹಿಡಿದುಕೊಳ್ಳುತ್ತೇನೆ.

ನಾನು: ಬೇಡ, ಕೈ ಮುಗಿಯುತ್ತೇನೆ. 2021ರಲ್ಲಿ ಚೀನಾದ ಒಬ್ಬ ಯುವತಿಯ ವಿಷಯ ವೈದ್ಯಕೀಯ ಪತ್ರಿಕೆಯಲ್ಲಿ ಬಂದಿತ್ತು. ಸೈಕಲ್ ತುಳಿದು ದಣಿದಿದ್ದಳು, ತರಬೇತುದಾರ ಹತ್ತು ನಿಮಿಷ ಗನ್ ಹಿಡಿದ. ತೊಡೆಯ ಒಳಗೆ ರಕ್ತ ಸೋರಿ ಗಡ್ಡೆಕಟ್ಟಿತು, ಮೂತ್ರ ಚಹಾದ ಬಣ್ಣಕ್ಕೆ ತಿರುಗಿತು. ಸ್ನಾಯು ಒಡೆದು ರಕ್ತಕ್ಕೆ ಸೇರಿತ್ತು. ಅಂಥದ್ದು ಅಪರೂಪ, ಒಪ್ಪುತ್ತೇನೆ. ಆದರೆ ಒಂದು ಸ್ನಾಯುವಿಗೆ ಒಂದೆರಡು ನಿಮಿಷ, ಗನ್‌ನ ತೂಕವೇ ಒತ್ತುವಷ್ಟು, ಅದು ಸಾಕು. ಮೂಳೆಯ ಮೇಲೆ ಬೇಡ, ಕತ್ತಿನ ಮುಂಭಾಗಕ್ಕೆ ಎಂದೆಂದಿಗೂ ಬೇಡ.

ಅತ್ತಿಗೆ: ದೊಡ್ಡ ಗನ್ ಎಷ್ಟು ತೂಕ?

ನಾನು: ಸುಮಾರು ಒಂದು ಕಿಲೊ.

ಅತ್ತಿಗೆ: ಅದನ್ನು ನನ್ನದೇ ಬೆನ್ನ ಹಿಂದೆ ಎತ್ತಿ ಹಿಡಿಯುವುದು ಹೇಗೆ? ನೋವಿರುವ ಹೆಗಲಿನಿಂದಲೇ ಕಿಲೊ ಭಾರ ಎತ್ತಬೇಕೇ? ಅದಕ್ಕಿಂತ ಚಿಕ್ಕಪ್ಪನವರು ಹೇಳಿದ ಚಿಕ್ಕದೇ ವಾಸಿ.

ಚಿಕ್ಕಪ್ಪ: ನೋಡು, ಅತ್ತಿಗೆಯೂ ನನ್ನ ಕಡೆ.

ನಾನು: ಅತ್ತಿಗೆ, ನೀವು ಹೇಳುವುದು ಸರಿ, ಇದನ್ನು ನಾನು ಯೋಚಿಸಿರಲಿಲ್ಲ. ಹೆಗಲಿನ ಸ್ನಾಯು ತೆಳ್ಳಗೆ, ಅಲ್ಲಿಗೆ 7–8 ಮಿ.ಮೀ. ಸಾಕಾಗುತ್ತದೆ. ಅಣ್ಣನ ತೊಡೆಗೆ ಅದು ಸಾಲದು. ಒಂದೇ ಗನ್ ಇಬ್ಬರಿಗೂ ಒದಗಬೇಕೆಂದರೆ 10 ಮಿ.ಮೀ., 700 ಗ್ರಾಂ ಒಳಗೆ, ಒತ್ತಿದರೆ ಹತ್ತು ಕಿಲೊವರೆಗೆ ನಿಲ್ಲದಂಥದ್ದು ಹುಡುಕೋಣ. ಹಿಡಿಕೆ ಉದ್ದವಿದ್ದರೆ ಇನ್ನೂ ಒಳ್ಳೆಯದು.

ಅಪ್ಪ: ನೀವೆಲ್ಲ ಬೆಳಗಿನಿಂದ ವಾದ ಮಾಡುತ್ತಿದ್ದೀರಿ. ನಿನ್ನೆಯೇ ಎದುರು ಮನೆಯವರು ತಮ್ಮದನ್ನು ಕೊಟ್ಟಿದ್ದರು. ಎಡಗಾಲಿನ ಮೀನಖಂಡಕ್ಕೆ ಹಿಡಿದುಕೊಂಡೆ, ಹಾಯೆನಿಸಿತು. ನನಗೂ ಒಂದು ಪಾಲು ಇರಲಿ.

ನಾನು: ಅಪ್ಪ, ಆ ಜಾಗ ಈಗ ಹೇಗಿದೆ?

ಅಪ್ಪ: ಅಂಗೈ ಅಗಲ ನೀಲಿಗಟ್ಟಿದೆ. ನೋವೇನೂ ಇಲ್ಲ.

ನಾನು: ನೀವು ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುತ್ತಿದ್ದೀರಿ. ಆ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಗನ್ ಮುಟ್ಟಲೇಬಾರದು. ಚರ್ಮದ ಕೆಳಗೆ ಸಣ್ಣ ನಾಳ ಒಡೆದರೂ ರಕ್ತ ಬೇಗ ನಿಲ್ಲುವುದಿಲ್ಲ. ದಯವಿಟ್ಟು ಎರಡೂ ಕಾಲುಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಎಡಗಾಲು ಊದಿದೆಯೇ? ಮುಟ್ಟಿದರೆ ಬಿಸಿ ಇದೆಯೇ?

ಅಪ್ಪ: ಊತವಿಲ್ಲ. ಬಿಸಿಯೂ ಇಲ್ಲ. ನೀಲಿ ಮಾತ್ರ.

ಅಣ್ಣ: ಅಪ್ಪ, ಮಾತ್ರೆ ನಿಲ್ಲಿಸಬೇಡಿ, ಅಲ್ಲಿ ತಿಕ್ಕಲೂ ಬೇಡಿ. ನಾನು ಈಗಲೇ ವೈದ್ಯರಿಗೆ ಕರೆ ಮಾಡುತ್ತೇನೆ.

ಚಿಕ್ಕಪ್ಪ: ಅಣ್ಣಾ, ನಿನ್ನ ಮಾತ್ರೆಯ ವಿಷಯ ನನ್ನ ತಲೆಗೆ ಹೊಳೆಯಲೇ ಇಲ್ಲ. ನಾನು ತರಿಸಿದ್ದರೆ ಮೊದಲು ನಿನ್ನ ಕೈಗೇ ಕೊಡುತ್ತಿದ್ದೆ.

ಅಪ್ಪ: ಮನೆಗೊಂದು ಎಂದಿರಲ್ಲ, ಈ ಮನೆಯವನು ನಾನಲ್ಲವೇ ಎಂದುಕೊಂಡೆ.

ನಾನು: ನೀವಿಲ್ಲದೆ ಯಾವ ಮನೆ ಅಪ್ಪ. ನಿಮ್ಮ ಕಾಲಿಗೆ ರಾತ್ರಿ ನಾನೇ ಬಿಸಿನೀರು ಕಾಯಿಸಿ ಕೊಡುತ್ತೇನೆ, ವೈದ್ಯರು ಒಪ್ಪಿದರೆ.

ಅಣ್ಣ: ವೈದ್ಯರು ಸಂಜೆ ಐದಕ್ಕೆ ಕರೆದುಕೊಂಡು ಬರಲು ಹೇಳಿದ್ದಾರೆ. ನೀಲಿಯ ಸುತ್ತ ಪೆನ್ನಿನಿಂದ ಗೆರೆ ಎಳೆಯಬೇಕಂತೆ, ಹರಡಿದರೆ ಗೊತ್ತಾಗುತ್ತದೆ. ಅಲ್ಲಿಯವರೆಗೆ ಕಾಲು ದಿಂಬಿನ ಮೇಲಿರಲಿ. ಬಿಸಿನೀರು ಇವತ್ತು ಬೇಡವಂತೆ.

ಚಿಕ್ಕಪ್ಪ: ಗನ್ ತರಿಸುವುದನ್ನು ನಿಲ್ಲಿಸಿದ್ದೇನೆ. 10 ಮಿ.ಮೀ., 700 ಗ್ರಾಂ, ಇನ್ನೊಂದು ಏನು ಹೇಳಿದೆ ಮಗಳೇ, ಒತ್ತಿದರೂ ನಿಲ್ಲಬಾರದು ಎಂದೆಯಲ್ಲ, ಅದನ್ನು ಏನೆಂದು ಕೇಳಬೇಕು?

ನಾನು: ಸ್ಟಾಲ್ ಫೋರ್ಸ್ ಎಷ್ಟು ಎಂದು ಕೇಳಿ ಚಿಕ್ಕಪ್ಪ. ಪೌಂಡ್‌ನಲ್ಲಿ ಹೇಳುತ್ತಾರೆ. 22ಕ್ಕಿಂತ, ಅಂದರೆ ಹತ್ತು ಕಿಲೊಗಿಂತ, ಕಡಿಮೆ ಎಂದರೆ ಬಿಟ್ಟುಬಿಡಿ.

ಅಪ್ಪ: ಗೆರೆ ಎಳೆದಾಯಿತು. ಫೋಟೊ ಕಳುಹಿಸುತ್ತಿದ್ದೇನೆ.