ರಿಸೈಟಲ್‌ಗೆ ಮುಂಚೆ ಮಕ್ಕಳನ್ನು ಮಳೆಗಾಲದಲ್ಲಿ ಊರಿಗೆ ಕರೆತರಬಹುದಾ? ನಮ್ಮ ಅನುಭವ

ಮೊನ್ನೆ ಗುಂಪಿನಲ್ಲಿ ಒಬ್ಬರು ಕೇಳಿದ್ದರು, ಮಗ ಪಿಯಾನೋದಲ್ಲಿ ಮಾಸ್ಟರ್ಸ್ ಮಾಡುತ್ತಿದ್ದಾನೆ, ಅಕ್ಟೋಬರ್‌ನಲ್ಲಿ ರಿಸೈಟಲ್, ಅಂದರೆ ಅವನ ಕಛೇರಿ, ಅದಕ್ಕೆ ಮುಂಚೆ ಒಂದು ತಿಂಗಳು ಊರಿಗೆ ಕರೆದುಕೊಂಡು ಹೋದರೆ ತೊಂದರೆಯಾಗುತ್ತಾ ಅಂತ. ಕೆಳಗೆ ಎಲ್ಲರೂ "ಏನಾಗಲ್ಲ, ಅಜ್ಜಿ ಮನೆ ಮುಖ್ಯ" ಅಂತ ಬರೆದಿದ್ದೀರಿ. ಟಿಕೆಟ್ ತೆಗೆಯುವಾಗ ನಾನೂ ಹಾಗೇ ಅಂದುಕೊಂಡಿದ್ದೆ. ಈಗ ಕೊಡಗಿನ ನಾಪೋಕ್ಲು ಹತ್ತಿರ ನಮ್ಮತ್ತೆ ಮನೆಯ ಜಗುಲಿಯಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ಮೂರು ದಿನದಿಂದ ಕರೆಂಟಿಲ್ಲ. ಭಾಗಮಂಡಲಕ್ಕೆ ಹೋಗುವ ರಸ್ತೆ ಮೇಲೆ ಕಾವೇರಿ ನೀರು ನಿಂತಿದೆ. ಪಕ್ಕದ ಮನೆಯ ಜನರೇಟರ್‌ನಲ್ಲಿ ಫೋನ್ ಚಾರ್ಜ್ ಮಾಡಿಸಿಕೊಂಡು ಬಂದೆ.

ಮಗಳದು ಕ್ಲಾರಿನೆಟ್. ನಾವಿರುವುದು ಅಮೆರಿಕದ ಓಹಾಯೋದಲ್ಲಿ. ಅವಳಿಗೂ ಅಕ್ಟೋಬರ್‌ನಲ್ಲೇ ರಿಸೈಟಲ್, ಪದವಿ ಸಿಗಬೇಕಾದರೆ ಒಂದು ಗಂಟೆಯ ಕಛೇರಿ ಕೊಡಲೇಬೇಕು. ನಾನು ಇದನ್ನು ಪರೀಕ್ಷೆ ಅಂತಲೇ ತಿಳಿದಿದ್ದೆ. ಪುಸ್ತಕ ಇದ್ದರೆ ಎಲ್ಲಿ ಬೇಕಾದರೂ ಓದಬಹುದಲ್ಲ, ಹಾಗೆ. ನನ್ನ ದೊಡ್ಡ ತಪ್ಪು ಅದು. ಇದರಲ್ಲಿ ವಾದ್ಯ ಇರಬೇಕು, ಹವಾಮಾನ ಸರಿಯಿರಬೇಕು, ಎಲ್ಲಕ್ಕಿಂತ ಜಾಸ್ತಿಯಾಗಿ ಇನ್ನೊಬ್ಬ ಮನುಷ್ಯ ಬೇಕು.

ಮೊದಲು ವಾದ್ಯದ ಕಥೆ ಹೇಳುತ್ತೇನೆ. ಅವಳ ಹತ್ತಿರ ಬೇರೆ ಬೇರೆ ಶ್ರುತಿಯ ಎರಡು ಕ್ಲಾರಿನೆಟ್ ಇವೆ, ಒಂದು ಬಿ ಫ್ಲ್ಯಾಟ್, ಒಂದು ಎ. ಅವಳು ನುಡಿಸುವ, ಸ್ಟ್ರಾವಿನ್ಸ್ಕಿ ಅನ್ನುವ ಸಂಗೀತಗಾರ ಬರೆದ ಮೂರು ಪುಟ್ಟ ರಚನೆಗಳಲ್ಲಿ ಮೊದಲ ಎರಡಕ್ಕೆ ಎ ಬೇಕು, ಮೂರನೆಯದಕ್ಕೆ ಬಿ ಫ್ಲ್ಯಾಟ್. ಎರಡೂ ಕಪ್ಪು ಮರದವು. ಆ ಮರ ತಾಂಜಾನಿಯಾ, ಮೊಜಾಂಬಿಕ್ ಕಡೆ ಬೆಳೆಯುತ್ತೆ. ಅತ್ತೆ ಕೈಯಲ್ಲಿ ಹಿಡಿದು ತೂಕ ನೋಡಿ "ಇದು ನಮ್ಮ ಬೀಟೆ ತರಾನೇ ಉಂಟಲ್ಲ" ಅಂದರು. ನನಗೆ ನಗು ಬಂತು. ಆಮೇಲೆ ನೋಡಿದರೆ ನಿಜಕ್ಕೂ ಒಂದೇ ಕುಲ, ಎರಡೂ ಡಾಲ್ಬರ್ಜಿಯಾ! ತೋಟದಲ್ಲಿ ಒಂದು ಬೀಟೆ ಕಡಿಯಬೇಕಾದರೆ ಅರಣ್ಯ ಇಲಾಖೆಗೆ ಎಷ್ಟು ಸಲ ಅಲೆಯಬೇಕು ಅಂತ ಇಲ್ಲಿಯವರಿಗೆ ಗೊತ್ತು. ಇವಳ ಕ್ಲಾರಿನೆಟ್ ಮರಕ್ಕೂ 2017ರಿಂದ ಗಡಿ ದಾಟಿಸಲು ಕಾಗದಪತ್ರದ ಕಾಟ ಶುರುವಾಗಿತ್ತು, 2019ರ ಕೊನೆಯಲ್ಲಿ ತಯಾರಾದ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು. ಪುಣ್ಯ.

ಆದರೆ ಕಕ್ಕಡದ (ಜುಲೈ-ಆಗಸ್ಟ್ ಹೊತ್ತಿನ ಕೊಡವ ತಿಂಗಳು) ಮಳೆಗೆ ವಿನಾಯಿತಿ ಇಲ್ಲ. ಓಹಾಯೋದ ಚಳಿಗಾಲದಲ್ಲಿ ಹೀಟರ್ ಗಾಳಿಗೆ ಮರ ಒಣಗಿ ಎಲ್ಲಿ ಸೀಳುತ್ತೋ ಅನ್ನುವ ಭಯ. ಇಲ್ಲಿ ತೇವಕ್ಕೆ ಉಬ್ಬುತ್ತೆ. ಬಂದ ಐದನೇ ದಿನ ಕ್ಲಾರಿನೆಟ್‌ನ ಎರಡು ತುಂಡು ಕಚ್ಚಿಕೊಂಡು ಬಿಡಿಸಲಿಕ್ಕೇ ಆಗಲಿಲ್ಲ. ಪಾಪ ಅತ್ತೆ, ಬಟ್ಟೆ ಒಣಗಿಸುವ ಹಾಗೆ ಅದನ್ನೂ ಒಲೆ ಪಕ್ಕ ಇಟ್ಟುಬಿಟ್ಟಿದ್ದರು. ಮಗಳು ಕಿರುಚಿದ್ದು ತೋಟದ ಲೈನ್‌ಮನೆವರೆಗೂ ಕೇಳಿರಬೇಕು. ಇದ್ದಕ್ಕಿದ್ದಂತೆ ಬಿಸಿ ತಗುಲಿದರೆ ಮರ ಬಿರಿಯುತ್ತೆ. ಏನೂ ಆಗಲಿಲ್ಲ ಸದ್ಯ. ಆದರೆ ಅಜ್ಜಿ ಮೊಮ್ಮಗಳು ಒಂದು ದಿನ ಮಾತು ಬಿಟ್ಟಿದ್ದರು.

ರೀಡ್ ಇನ್ನೊಂದು ತಲೆನೋವು. ಊದುವ ತುದಿಗೆ ಕಟ್ಟುವ, ಬಿದಿರಿನಂತಹ ಒಂದು ಜೊಂಡಿನ ತೆಳು ಚಕ್ಕೆ ಅದು, ದಕ್ಷಿಣ ಫ್ರಾನ್ಸ್‌ನಲ್ಲಿ ಬೆಳೆದಿದ್ದಕ್ಕೆ ಹೆಸರು ಜಾಸ್ತಿ. ಹತ್ತರ ಡಬ್ಬಿ ತಂದರೆ ಕಛೇರಿಗೆ ಆಗುವುದು ಎರಡೋ ಮೂರೋ. ಇಲ್ಲಿ ಬಂದ ಮೇಲೆ ಎಲ್ಲವೂ ಸೊಟ್ಟ. ಕೊನೆಗೆ ಅತ್ತೆಯೇ ರೀಡ್ ಡಬ್ಬಿಯನ್ನು ಅಕ್ಕಿ ಡ್ರಮ್ಮಿನೊಳಗೆ ಇಟ್ಟರು. ಉಪಾಯ ಚೆನ್ನಾಗಿಯೇ ಕೆಲಸ ಮಾಡಿತು, ರಾಜಿಯೂ ಆಯಿತು.

ಈಗ ಆ ಇನ್ನೊಬ್ಬ ಮನುಷ್ಯನ ವಿಷಯ. ನಾವು ಕರ್ನಾಟಕ ಸಂಗೀತ ಕೇಳಿ ಬೆಳೆದವರು, ಪಿಯಾನೋ ಅಂದರೆ ಪಕ್ಕವಾದ್ಯ ಅಂದುಕೊಳ್ಳುತ್ತೇವೆ. ಹಾಗೆ ಅಂದಿದ್ದಕ್ಕೆ ಮಗಳ ಕೈಲಿ ಬೈಸಿಕೊಂಡೆ. ಅವಳು ನುಡಿಸುವ, ಬ್ರಾಮ್ಸ್ ಅನ್ನುವ ಜರ್ಮನ್ ಸಂಗೀತಗಾರ ಇಬ್ಬರಿಗೂ ಸೇರಿಸಿ ಬರೆದ ಸೊನಾಟಾ ಶುರುವಾಗುವುದೇ ಪಿಯಾನೋದಿಂದ, ನಾಲ್ಕು ಬಾರ್ (ನಮ್ಮ ಆವರ್ತದ ಹಾಗೆ) ಆದಮೇಲೆ ಕ್ಲಾರಿನೆಟ್ ಬರುತ್ತೆ. ಪಿಯಾನೋದವನ ಪುಸ್ತಕದಲ್ಲಿ ಇಬ್ಬರ ಸಾಲೂ ಇರುತ್ತೆ, ಇವಳ ಹಾಳೆಯಲ್ಲಿ ಇವಳದು ಮಾತ್ರ. ಅವನು ಏನು ಮಾಡುತ್ತಿದ್ದಾನೆ ಅನ್ನುವುದನ್ನು ಇವಳು ಬಾಯಿಪಾಠ ಮಾಡಿಕೊಂಡೇ ನಿಲ್ಲಬೇಕು. ಶ್ರುತಿಯೂ ಹಾಗೇ. ಪಿಯಾನೋ ಕದಲುವುದಿಲ್ಲ, ಕ್ಲಾರಿನೆಟ್ ಬೆಚ್ಚಗಾದರೆ ಮೇಲೆ ಹೋಗುತ್ತೆ, ತಣ್ಣಗಾದರೆ ಇಳಿಯುತ್ತೆ. ಹೊಂದಿಕೊಳ್ಳಬೇಕಾದವಳು ಇವಳೇ.

(ಆ ಬ್ರಾಮ್ಸ್ ಕಥೆ ನನಗೆ ಇಷ್ಟ. ಇನ್ನು ಬರೆಯುವುದು ಸಾಕು ಅಂತ ಕೂತಿದ್ದ ಮನುಷ್ಯ, 1891ರಲ್ಲಿ ಮ್ಯೂಲ್‌ಫೆಲ್ಡ್ ಅನ್ನುವವರ ಕ್ಲಾರಿನೆಟ್ ಕೇಳಿ ಮನಸ್ಸು ಬದಲಿಸಿದ. ಈ ಸೊನಾಟಾ 1894ರದ್ದು. ರಿಟೈರ್ ಆದ ನಮ್ಮ ಮನೆಯವರಿಗೆ ಆಗಾಗ ಇದನ್ನು ಹೇಳುತ್ತಿರುತ್ತೇನೆ, ಪ್ರಯೋಜನ ಇಲ್ಲ.)

ಪಿಯಾನೋ ಹುಡುಗ ಧಾರವಾಡದ ಕಡೆಯವರ ಮಗ, ಅವನೂ ಅಲ್ಲೇ ಮಾಸ್ಟರ್ಸ್. ಅವನ ಮನೆಯವರೂ ಊರಿಗೆ ಬಂದಿದ್ದರು, ಒಂದು ವಾರ ಇಲ್ಲಿಗೆ ಬಂದಿದ್ದ. ಮಡಚುವ ಕೀಬೋರ್ಡ್ ತಂದಿದ್ದ. ಎರಡನೇ ದಿನವೇ ಕರೆಂಟು ಹೋಯಿತು, ಬ್ಯಾಟರಿಯೂ ಮುಗಿಯಿತು. ಏನು ಮಾಡಿದರು ಗೊತ್ತಾ? ಅವನು ಊಟದ ಮೇಜಿನ ಮೇಲೆ ಹತ್ತೂ ಬೆರಳು ಓಡಿಸಿದ, ಇವಳು ನಿಂತು ನುಡಿಸಿದಳು. ಟಕ ಟಕ ಅಂತ ಬೆರಳಿನ ಸದ್ದು, ಹೆಂಚಿನ ಮೇಲೆ ಮಳೆ, ನಡುವೆ ಕ್ಲಾರಿನೆಟ್. ನಡುನಡುವೆ ಅವನು "ಇಲ್ಲ, ಇಲ್ಲಿ ನೀನು ಕಾಯಬೇಕು" ಅಂತ ನಿಲ್ಲಿಸುತ್ತಿದ್ದ. ನನಗೆ ಕೇಳದ ಪಿಯಾನೋ ಅವರಿಬ್ಬರಿಗೂ ಕೇಳುತ್ತಿತ್ತು. ಅತ್ತೆ ಮಾತ್ರ ಕಾಫಿ ತಂದಿಟ್ಟು "ಮೇಜು ಬಾರಿಸಲಿಕ್ಕೆ ಅಮೆರಿಕಕ್ಕೆ ಹೋಗಬೇಕಿತ್ತಾ ಮಗಾ" ಅಂದರು.

ಅವತ್ತು ಸಂಜೆ ಪಕ್ಕದ ಊರಿನ ವಾಲಗದ ಅಜ್ಜ ಬಂದಿದ್ದರು. ಕಕ್ಕಡದಲ್ಲಿ ಮದುವೆ ಗಿದುವೆ ಇಲ್ಲ, ಅವರಿಗೂ ಬಿಡುವು. ಕ್ಲಾರಿನೆಟ್ ತಿರುಗಿಸಿ ತಿರುಗಿಸಿ ನೋಡಿ, "ಬೀಗ ಜಾಸ್ತಿ ಆಯ್ತು" ಅಂದರು, ಕೀಗಳನ್ನು ನೋಡಿ! ಆಮೇಲೆ ತಮ್ಮ ವಾಲಗ ಊದಿದರು. ಕೆನ್ನೆ ಚೆಂಡಿನ ಹಾಗೆ ಉಬ್ಬಿತ್ತು. ಕೆನ್ನೆ ಉಬ್ಬಿಸಬೇಡ ಅಂತ ಮಗಳಿಗೆ ಅವಳ ಮೇಷ್ಟ್ರು ಚಿಕ್ಕಂದಿನಿಂದ ಹೇಳಿದ್ದೇ ಹೇಳಿದ್ದು. ಅವಳು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದಳು.

ನೆಂಟರ ವಿಷಯವನ್ನೂ ಹೇಳಿಬಿಡುತ್ತೇನೆ. ಮನೆಗೆ ಬಂದವರೆಲ್ಲ "ಒಂದು ಹಾಡು ಬಾರಿಸು" ಅನ್ನುತ್ತಾರೆ. ಒಂದು ಸಲ ನಾನೇ ಒತ್ತಾಯ ಮಾಡಿದೆ, ಅವಳು ಮುಖ ಊದಿಸಿಕೊಂಡು ಸ್ಟ್ರಾವಿನ್ಸ್ಕಿ ಒಂದು ನಿಮಿಷ ನುಡಿಸಿದಳು, ಯಾರೂ ಮಾತಾಡಲಿಲ್ಲ, ಚಿಕ್ಕಮಾವ "ಚೆನ್ನಾಗಿದೆ, ಹಾಡು ಯಾವುದು?" ಅಂದರು. ಆಮೇಲೆ ನಾನು ಕೇಳುವುದು ಬಿಟ್ಟೆ. ನೀವೂ ಕೇಳಬೇಡಿ.

ಇನ್ನು ಪ್ರಶ್ನೆ ಕೇಳಿದವರಿಗೆ ನೇರವಾಗಿ. ಸರ್, ನಿಮ್ಮ ಮಗನಿಗೆ ಇದು ನನ್ನ ಮಗಳಿಗಿಂತ ಕಷ್ಟ. ಕ್ಲಾರಿನೆಟ್ ಚೀಲದಲ್ಲಿ ಬರುತ್ತೆ, ಪಿಯಾನೋ ಬರಲ್ಲ. ಕೀಬೋರ್ಡ್ ಕೀಗಳಿಗೆ ಆ ಭಾರ ಇರುವುದಿಲ್ಲ, ಬೆರಳು ಬೇರೆಯೇ ಅಭ್ಯಾಸ ಮಾಡಿಕೊಳ್ಳುತ್ತೆ. ಇನ್ನೊಂದು, ಪಿಯಾನೋ ಹುಡುಗರು ತಮ್ಮ ರಿಸೈಟಲ್ ಅಲ್ಲದೆ ಕೊಳಲು, ಓಬೋ, ಕ್ಲಾರಿನೆಟ್ ಗೆಳೆಯರದ್ದಕ್ಕೂ ನುಡಿಸುತ್ತಿರುತ್ತಾರೆ. ಅವನು ಇನ್ನೆಷ್ಟು ಜನರಿಗೆ ಒಪ್ಪಿಕೊಂಡಿದ್ದಾನೆ ಅಂತ ಮೊದಲು ಕೇಳಿ. ರಿಸೈಟಲ್‌ಗೆ ಕೆಲವು ವಾರ ಮುಂಚೆ ಮೇಷ್ಟ್ರುಗಳ ಮುಂದೆ ಪೂರ್ತಿ ನುಡಿಸಿ ತೋರಿಸುವುದೊಂದು ಇರುತ್ತೆ, ಅಲ್ಲಿ ದಾಟಿದರೆ ಮಾತ್ರ ಸಭಾಂಗಣ. ನಾನು ಆ ತಾರೀಖು ಕೇಳದೆ ಟಿಕೆಟ್ ತೆಗೆದಿದ್ದೆ. ಎರಡೇ ವಾರ ಬರುವುದಾದರೆ ಕರೆತನ್ನಿ. ಮೈಸೂರು, ಬೆಂಗಳೂರಿನಲ್ಲಿ ನಿಜವಾದ ಪಿಯಾನೋ ಎಲ್ಲಿ ಸಿಗುತ್ತೆ ಅಂತ ಮೊದಲೇ ವಿಚಾರಿಸಿಕೊಂಡು ಬನ್ನಿ. ಕೊಡಗಿಗೇ ಬರುವುದಾದರೆ ಡಿಸೆಂಬರ್‌ನಲ್ಲಿ, ಪುತ್ತರಿ (ಇಲ್ಲಿಯ ಸುಗ್ಗಿ ಹಬ್ಬ) ಹೊತ್ತಿಗೆ, ಎಲ್ಲ ಮುಗಿದ ಮೇಲೆ.

ನಾವು ಕಕ್ಕಡದಲ್ಲಿ ಇಲ್ಲಿ ಮಾಡುವ ಮದ್ದುಸೊಪ್ಪಿನ ಪಾಯಸ ತಿಂದೇ ಹೊರಡುವುದು, ಆಗಸ್ಟ್ 3ಕ್ಕೆ. ಅದು ಬಿಟ್ಟರೆ ಅತ್ತೆ ಒಪ್ಪಲ್ಲ.

ಆಮೇಲೆ ಸೇರಿಸಿದ್ದು: ರಿಸೈಟಲ್ ಲೈವ್ ಇರುತ್ತಾ ಅಂತ ಇಬ್ಬರು ಕೇಳಿದ್ದೀರಿ. ಇರುತ್ತೆ, ಲಿಂಕ್ ಇಲ್ಲೇ ಹಾಕುತ್ತೇನೆ. ಅಲ್ಲಿ ರಾತ್ರಿ ಏಳೂವರೆ ಅಂದರೆ ಇಲ್ಲಿ ಬೆಳಗಿನ ಐದು ಗಂಟೆ. ಅಷ್ಟು ಬೇಗ ಏಳ್ತೀರಾ ಅಂತ ಅತ್ತೆಯನ್ನು ಕೇಳಿದೆ. "ಹಾಲು ಕರೆಯೋ ಹೊತ್ತು, ಎದ್ದೇ ಇರ್ತೇನೆ. ನೀನು ಕರೆಂಟು ಇರೋ ಹಾಗೆ ನೋಡ್ಕೋ" ಅಂದರು.