ಸಂಗಾತಿಯೊಂದಿಗೆ ಒಂದೇ ಮನೆಗೆ ಬಂದ ಮೇಲೆ ಶುರುವಾದ ಆತಂಕ: ಅನುಭವವಿದ್ದವರು ತಿಳಿಸುವಿರಾ?

ನನ್ನ ಊರು ಶಿರಸಿಯ ಕಡೆ, ಕೆಲಸ ಬೆಂಗಳೂರಿನಲ್ಲಿ. ಹಲವು ವರ್ಷ ಪಿ.ಜಿ.ಯಲ್ಲಿದ್ದ ನಾನು ಯುಗಾದಿ ಕಳೆದ ಮೇಲೆ ಸಂಗಾತಿಯೊಂದಿಗೆ ಬಾಡಿಗೆ ಮನೆಗೆ ಬಂದಿದ್ದೇನೆ. ಅವರು ಒಳ್ಳೆಯವರು, ಜಗಳವೂ ಇಲ್ಲ. ಆದರೂ ಸಂಜೆಯಾಗುತ್ತಿದ್ದಂತೆ ಎದೆ ಢವಢವ ಹೊಡೆದುಕೊಳ್ಳುತ್ತದೆ, ಅಂಗೈ ಬೆವರುತ್ತದೆ, ಊಟ ಸೇರುವುದಿಲ್ಲ. ನಡುರಾತ್ರಿ ಎಚ್ಚರವಾದರೆ ಮತ್ತೆ ನಿದ್ದೆ ಹತ್ತುವುದಿಲ್ಲ. ಒಟ್ಟಿಗೆ ಇರುವ ವಿಷಯ ಅಣ್ಣನಿಗೆ ಮಾತ್ರ ಗೊತ್ತು, ಅಪ್ಪ ಅಮ್ಮನಿಗೆ ಹೇಳಿಲ್ಲ. ಈ ಸಂಬಂಧ ನನಗೆ ಒಗ್ಗುವುದಿಲ್ಲ ಎಂದು ಮೈಯೇ ಹೇಳುತ್ತಿದೆಯೇ?

ಮೊದಲ ಉತ್ತರ

ನಿಮ್ಮ ಕೊನೆಯ ಪ್ರಶ್ನೆಯನ್ನೇ ನಾನೂ ಬಹಳ ಕಾಲ ಕೇಳಿಕೊಂಡಿದ್ದೆನಾದ್ದರಿಂದ ಅಲ್ಲಿಂದಲೇ ಆರಂಭಿಸುತ್ತೇನೆ. ಏನೋ ಬದಲಾಗಿದೆ ಎಂಬುದನ್ನು ಮೈ ಬಲು ಬೇಗ ಹೇಳುತ್ತದೆ. ಏನು ಬದಲಾಗಿದೆ, ಅದು ಒಳ್ಳೆಯದೋ ಕೆಟ್ಟದೋ ಎಂಬುದನ್ನು ಹೇಳುವುದಿಲ್ಲ. ಕಾರಣವನ್ನು ನಾವೇ ಹುಡುಕಬೇಕಾಗುತ್ತದೆ, ಮತ್ತು ಹುಡುಕುವಾಗ ಕಣ್ಣೆದುರಿಗೆ ಇರುವ ಮನುಷ್ಯನ ಮೇಲೆಯೇ ಮೊದಲು ಅನುಮಾನ ಬರುತ್ತದೆ.

ಪಿ.ಜಿ.ಯಲ್ಲಿ ನಮ್ಮದೆಂದು ಇರುವುದು ಒಂದು ಮಂಚ, ಒಂದು ಕಪಾಟು ಅಷ್ಟೇ. ಆದರೆ ಹೊದಿಕೆ ಮುಸುಕು ಹಾಕಿ ಮಲಗಿದರೆ ಯಾರೂ ಏನೂ ಕೇಳುವುದಿಲ್ಲ. ಪ್ರೀತಿಸುವವರೊಂದಿಗೆ ಇರುವ ಮನೆಯಲ್ಲಿ ಆ ಸೌಕರ್ಯವಿಲ್ಲ. ಸುಮ್ಮನೆ ಕುಳಿತರೆ 'ಯಾಕೆ, ಏನಾಯಿತು?' ಎಂಬ ಪ್ರಶ್ನೆ ಬರುತ್ತದೆ; ಏನೂ ಆಗಿಲ್ಲವೆಂದು ತೋರಿಸಲು ಮುಖವನ್ನು ಸರಿಪಡಿಸಿಕೊಳ್ಳಬೇಕಾಗುತ್ತದೆ; ದಿನವಿಡೀ ಕಚೇರಿಯಲ್ಲಿ ಅದನ್ನೇ ಮಾಡಿ ಬಂದವಳಿಗೆ ಮನೆಯಲ್ಲೂ ಬಿಡುವಿಲ್ಲವೆಂದಾದಾಗ ಸಂಜೆ ಎದೆ ಹೊಡೆದುಕೊಳ್ಳುವುದರಲ್ಲಿ ಅಚ್ಚರಿಯೇನಿದೆ? ಕೆಲಸದಿಂದ ಬಂದ ಮೇಲೆ ಸ್ವಲ್ಪ ಹೊತ್ತು ಇಬ್ಬರೂ ಮಾತಾಡುವ ಹಂಗಿಲ್ಲದೆ ಇರುವುದೆಂದು ನಾವು ಒಪ್ಪಂದ ಮಾಡಿಕೊಂಡೆವು. ಅದು ಮುನಿಸಲ್ಲ ಎಂಬುದು ನನ್ನ ಸಂಗಾತಿಗೆ ಖಚಿತವಾಗಲು ಕೆಲವು ವಾರ ಹಿಡಿಯಿತು.

ಎದೆಬಡಿತ ಹೆಚ್ಚಾದ ಹೊತ್ತು, ಅದಕ್ಕೆ ಮುಂಚೆ ನಡೆದದ್ದು, ಕುಡಿದ ಕಾಫಿ, ಹಿಂದಿನ ರಾತ್ರಿಯ ನಿದ್ದೆ ಇವಿಷ್ಟನ್ನು ಒಂದು ಪುಸ್ತಕದಲ್ಲಿ ಬರೆದಿಡುತ್ತಿದ್ದೆ. ಅಮ್ಮ ವಿಡಿಯೋ ಕರೆ ಮಾಡುವ ಸಂಜೆಗಳಲ್ಲೇ ನನಗೆ ಅತಿ ಹೆಚ್ಚು ಗಾಬರಿಯಾಗುತ್ತಿತ್ತೆಂದು ಅದರಿಂದ ತಿಳಿಯಿತು. ಗೂಟಕ್ಕೆ ತೂಗುಹಾಕಿದ ಸಂಗಾತಿಯ ಅಂಗಿ ಕಾಣದ ಗೋಡೆಯನ್ನು ಹುಡುಕಿ, ಅಡುಗೆಮನೆಯಲ್ಲಿ ಪಾತ್ರೆಯ ಸದ್ದಾಗದಂತೆ ಅವರಿಗೆ ಕೈಸನ್ನೆ ಮಾಡಿ, ನಗುತ್ತಾ 'ಊಟ ಆಯ್ತಾ ಅಮ್ಮಾ' ಎನ್ನುವುದು. ಭಯ ಅವರದ್ದಲ್ಲ, ಗುಟ್ಟಿನದ್ದಾಗಿತ್ತು. ಕೊನೆಗೆ ಚಿಕ್ಕಮ್ಮನ ಮೂಲಕ ಮನೆಗೆ ತಿಳಿಸಿದೆ. ಅಮ್ಮ ಒಪ್ಪಿಬಿಟ್ಟರು ಎಂದೇನಲ್ಲ. ಇಂದಿಗೂ ಹಬ್ಬಕ್ಕೆ ನನ್ನೊಬ್ಬಳನ್ನೇ ಕರೆಯುತ್ತಾರೆ. ಆದರೆ ಎದೆಬಡಿತ ಬಹಳ ಮಟ್ಟಿಗೆ ಇಳಿಯಿತು. ಎಲ್ಲರ ಮನೆಯಲ್ಲೂ ಹೇಳುವ ಪರಿಸ್ಥಿತಿ ಇರುವುದಿಲ್ಲವಾದ್ದರಿಂದ ಹೇಳಲೇಬೇಕೆಂದು ನಾನು ಒತ್ತಾಯಿಸುವುದಿಲ್ಲ. ನಿಮ್ಮ ಅಣ್ಣನಿಗೆ ತಿಳಿದಿರುವುದೇ ದೊಡ್ಡ ಆಸರೆ.

ಎರಡನೆಯ ಉತ್ತರ

ನಾನು ಇನ್ನೊಂದು ಬದಿಯಲ್ಲಿದ್ದವನು. ಆತಂಕವಿದ್ದದ್ದು ನನ್ನ ಹೆಂಡತಿಗೆ. 'ನಿಮಗೆ ನನ್ನ ಮೇಲೆ ಬೇಸರವೇ?' ಎಂದು ಅವಳು ಕೇಳಿದಾಗಲೆಲ್ಲ ಇಲ್ಲವೆನ್ನುತ್ತಿದ್ದೆ. ತುಸು ಹೊತ್ತು ನೆಮ್ಮದಿ, ಮತ್ತೆ ಅದೇ ಪ್ರಶ್ನೆ. ಹೀಗೆ ಪದೇ ಪದೇ ಭರವಸೆ ಕೊಡುವುದೇ ಆತಂಕಕ್ಕೆ ಮೇವಾಗುತ್ತದೆಂದು ಆಪ್ತಸಮಾಲೋಚಕರು ವಿವರಿಸಿದರು. ಒಮ್ಮೆ ಮಾತ್ರ ಉತ್ತರಿಸುವುದು, ಆಮೇಲೆ ಉತ್ತರಿಸದೆ ಪಕ್ಕದಲ್ಲಿ ಕುಳಿತಿರುವುದು ಎಂದು ಇಬ್ಬರೂ ಸೇರಿ ನಿರ್ಧರಿಸಿದೆವು. ಗಾಬರಿ ಒಮ್ಮೆಲೇ ಏರಿ ಬಂದಾಗ 'ಸಮಾಧಾನ ಮಾಡಿಕೋ' ಎನ್ನುವುದರಿಂದ ಏನೂ ಪ್ರಯೋಜನವಿಲ್ಲ. ಅದು ಸಾಮಾನ್ಯವಾಗಿ 10 ನಿಮಿಷಗಳೊಳಗೆ ತುದಿ ಮುಟ್ಟಿ ಇಳಿಯತೊಡಗುತ್ತದೆ. ಅಷ್ಟು ಹೊತ್ತು ಉಸಿರನ್ನು ಎಳೆದುಕೊಳ್ಳುವುದಕ್ಕಿಂತ ಬಿಡುವುದನ್ನು ನಿಧಾನ ಮಾಡುವುದು ಅವಳಿಗೆ ನೆರವಾಯಿತು. ಇನ್ನೊಂದು ಮಾತು: ನನ್ನ ಗೊರಕೆಯಿಂದ ಅವಳ ನಿದ್ದೆ ಕೆಡುತ್ತಿತ್ತು. ಬೇರೆ ಕೋಣೆಯಲ್ಲಿ ಹಾಸಿಗೆ ಹಾಕಿದಾಗ ನೆಂಟರು ಮುಸಿಮುಸಿ ನಕ್ಕರು, ನಾವು ಚೆನ್ನಾಗಿ ನಿದ್ದೆ ಮಾಡಿದೆವು.

ಮೂರನೆಯ ಉತ್ತರ

ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದು ನಿವೃತ್ತಳಾದವಳ ಮಾತೆಂದು ಇದನ್ನು ಓದಿಕೊಳ್ಳಮ್ಮಾ. ಮೊದಲು ಹತ್ತಿರದ ವೈದ್ಯರಿಗೆ ತೋರಿಸಿ, ಥೈರಾಯ್ಡ್ ಮತ್ತು ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿಕೊಳ್ಳಬೇಕು. ಥೈರಾಯ್ಡ್ ಹೆಚ್ಚಾದವರಲ್ಲಿ ಎದೆಬಡಿತ, ಬೆವರು, ನಿದ್ರಾಹೀನತೆ ಹೀಗೆಯೇ ಕಾಣಿಸಿಕೊಳ್ಳುತ್ತವೆ. ರಕ್ತಹೀನತೆಯಲ್ಲೂ ಎದೆ ಹೊಡೆದುಕೊಳ್ಳುತ್ತದೆ. ಸಂಜೆ ಕುಡಿದ ಕಾಫಿಯ ಕೆಫೀನ್ ಸುಮಾರು 5 ಗಂಟೆಗಳ ನಂತರವೂ ಅರ್ಧದಷ್ಟು ಮೈಯಲ್ಲೇ ಉಳಿದಿರುತ್ತದೆಯಾದ್ದರಿಂದ ಮಧ್ಯಾಹ್ನದ ಮೇಲೆ ಅದನ್ನು ಬಿಟ್ಟು ನೋಡುವುದು ಒಳ್ಳೆಯದು. ಪರಿಚಯದವರು ಕೊಟ್ಟರೆಂದು ನಿದ್ದೆ ಮಾತ್ರೆ ನುಂಗಲೇಬಾರದು; ಅಲ್ಪ್ರಜೋಲಾಮ್‌ನಂತಹವು ಬಲು ಬೇಗ ಅಭ್ಯಾಸವಾಗುತ್ತವೆ. ಮನೋವೈದ್ಯರು ದೀರ್ಘಕಾಲಕ್ಕೆಂದು ಬರೆದುಕೊಡುವ ಆತಂಕದ ಮಾತ್ರೆಗಳಲ್ಲಿ ಹೆಚ್ಚಿನವು ಪರಿಣಾಮ ತೋರಲು ಕೆಲವು ವಾರಗಳು ಬೇಕು; ನಾಲ್ಕು ದಿನಕ್ಕೆ ಗುಣವಾಗಲಿಲ್ಲವೆಂದು ಬಿಟ್ಟುಬಿಡುವವರನ್ನು ನಾನು ಬಹಳ ಮಂದಿ ನೋಡಿದ್ದೇನೆ.

ಆಸ್ಪತ್ರೆಗೆ ಹೋಗಲು ಸಂಕೋಚವಾದರೆ 14416ಕ್ಕೆ ಕರೆ ಮಾಡಬಹುದು. ಅದು 2022ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿ. ಹಗಲು ರಾತ್ರಿಯೆನ್ನದೆ ಉಚಿತ, ಕನ್ನಡದಲ್ಲಿಯೇ ಮಾತಾಡಬಹುದು. ಬೆಂಗಳೂರಿನಲ್ಲೇ ಇರುವುದರಿಂದ ನಿಮ್ಹಾನ್ಸ್ ಕೂಡ ನಿಮಗೆ ದೂರವೇನಲ್ಲ.

ಇನ್ನೊಂದನ್ನು ನೀವೊಬ್ಬರೇ ಇರುವಾಗ ಯೋಚಿಸಿ. ನಿಮ್ಮ ಸಂಗಾತಿ ಬಾಗಿಲು ತೆರೆದಾಗ ಗಾಬರಿ ಇಳಿಯುತ್ತದೆಯೋ, ಏರುತ್ತದೆಯೋ? ಏರುವುದಾದರೆ, ಫೋನ್ ತಪಾಸಣೆ, ಹಣದ ಲೆಕ್ಕ, ಗೆಳತಿಯರನ್ನು ನೋಡಲು ಅಡ್ಡಿ, ಕೈ ಎತ್ತುವುದು ಇವುಗಳಲ್ಲಿ ಯಾವುದಾದರೂ ನಡೆಯುತ್ತಿದ್ದರೆ ಅದಕ್ಕೆ ಉಸಿರಾಟದ ಅಭ್ಯಾಸ ಮದ್ದಲ್ಲ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಮದುವೆಯಾಗದೆ ದಂಪತಿಯಂತೆ ಬಾಳುತ್ತಿರುವ ಹೆಣ್ಣಿಗೂ ಅನ್ವಯಿಸುತ್ತದೆ, ಮಹಿಳಾ ಸಹಾಯವಾಣಿ 181 ಇದೆ. ನೀವು ಬರೆದಿರುವುದರಲ್ಲಿ ಅಂಥದ್ದೇನೂ ಕಾಣುವುದಿಲ್ಲ. ಇದೇ ಪ್ರಶ್ನೆಯನ್ನಿಟ್ಟುಕೊಂಡು ಇದನ್ನು ಓದುತ್ತಿರುವ ಬೇರೊಬ್ಬರಿಗೆ ಬೇಕಾದೀತೆಂದು ಸೇರಿಸಿದ್ದೇನೆ.